ಡೂರಿಯನ್ ಮರದಡಿಯ ಸಾವು

ಸಾಬಾನ್ ಮಾವ ಡೂರಿಯನ್ ಮರದಡಿ ಸತ್ತು ಬಿದ್ದಿದ್ದನ್ನು ಬೆಳಿಗ್ಗೆ ಮೊದಲು ಕಂಡವರು ರೆಂಬಕ್ಕ ಮತ್ತು ನಾನು. ತಲೆ ಒಡೆದಿತ್ತು. ಪಕ್ಕದಲ್ಲಿ ರಕ್ತ ಮೆತ್ತಿದ, ಹಲಸಿನಂತೆ ಮುಳ್ಳುಮುಳ್ಳಾದ ಡೂರಿಯನ್. ಅವರ ಬಳಿ ಊರುಗೋಲು ಬಿಟ್ಟರೆ ಬೇರೇನೂ ಇರಲಿಲ್ಲ. ಮರದ ಪಾಚಿ ಉದ್ದಕ್ಕೂ ಕೆರೆದುಹೋಗಿತ್ತು. ರೆಂಬಕ್ಕ ಡೂರಿಯನ್ನಿನ ತೊಟ್ಟನ್ನು ಬಹಳ ಹೊತ್ತು ನೋಡಿ, ಅದನ್ನು ತನ್ನ ಬುಟ್ಟಿಯಲ್ಲಿ ಮುಚ್ಚಿಟ್ಟಳು.

"ಯಾರಿಗೂ ತೋರಿಸ್ಬೇಡ."

ಹಲವು ಸಂಸಾರಗಳು ಒಂದೇ ಜಗಲಿಗೆ ಬಾಗಿಲಿಟ್ಟು ಬಾಳುವ ನಮ್ಮ ಇಬಾನರ ಉದ್ದಮನೆಯಲ್ಲಿ ಏನೇ ತಕರಾರಾದರೂ ನಿಜ ಹುಡುಕುವವಳು ಅವಳು. ಜೊತೆಗೆ ಪಕ್ಕದ ಬಾಗಿಲಿನ ನಾನು.

ಅದು ಹಿರಿಯರು ನೆಟ್ಟ ಮರ. ಯಾರೂ ಹತ್ತುವಂತಿಲ್ಲ, ಕೀಳುವಂತಿಲ್ಲ. ತಾನಾಗಿ ಉದುರಿದ ಹಣ್ಣನ್ನು ಸರದಿಯ ಮನೆಯವರು ಆಯಬೇಕು. ಅಂದಿನ ಸರದಿ ಸಾಬಾನ್ ಮಾವನದಲ್ಲ.

"ಕದಿಯೋಕೆ ಹೋಗಿದ್ದಾನೆ. ಹಿರಿಯರೇ ಹಣ್ಣು ಕೆಡವಿ ಬುದ್ಧಿ ಕಲಿಸಿದ್ರು," ಎಂದಿತು ಜಗಲಿ.

"ಅಂಥ ಗಟ್ಟಿ ಕಾಯಿ ಬಿದ್ರೆ ಯಾರು ತಾನೇ ಉಳೀತಾರೆ?" ಎಂದು ಮಾವನ ಅಳಿಯ ಲಿಂಪಿಂಗ್ ಹೌದೆನ್ನುವಂತೆ ತಲೆಯಾಡಿಸಿದ.

ಮಾವನ ಹೆಂಡತಿ ಮಾಯಂಗ್ ರೆಂಬಕ್ಕನ ಕೈ ಹಿಡಿದಳು. "ಕಳ್ಳ ಅನ್ನಿಸ್ಕೊಂಡೇ ಮಣ್ಣಿಗೆ ಹೋಗ್ಬೇಕಾ ಅವರು?"

ಸಂಜೆ ರೆಂಬಕ್ಕ ಎಲ್ಲರನ್ನೂ ಜಗಲಿಗೆ ಕರೆಸಿ, ಬುಟ್ಟಿ ತೆರೆದಳು.

"ಹಣ್ಣಾಗಿ ಉದುರಿದ್ರೆ ತೊಟ್ಟು ಗಿಣ್ಣಿನಲ್ಲಿ ತಾನಾಗಿ ಕಳಚುತ್ತೆ. ಇದನ್ನ ಕತ್ತಿಯಿಂದ ಕೊಯ್ದಿದ್ದಾರೆ. ಮೂಸಿ ನೋಡಿ, ಘಮವೇ ಇಲ್ಲ. ಇನ್ನೂ ಕಾಯಿ. ಮರದ ಪಾಚಿಯೂ ಕೆರೆದಿದೆ. ಊರುಗೋಲು ಹಿಡಿದ ಮುದುಕನಿಗೆ ಆ ಮರ ಹತ್ತೋಕಾಗುತ್ತಾ? ಕದಿಯೋಕೆ ಹೋದವನು ಬುಟ್ಟಿ ಇಲ್ಲದೆ ಹೋಗ್ತಾನಾ? ಮೇಲೆ ಬೇರೆ ಯಾರೋ ಇದ್ದರು. ಮಾವ ತಡೆಯೋಕೆ ಹೋಗಿರ್ಬೇಕು."

"ಯಾರು?" ಎಂದಳು ಮಾಯಂಗ್.

"ಇದನ್ನ ನೋಡಿದ್ದು ನಾವಿಬ್ಬರೇ. ಇಡೀ ಜಗಲಿ ಹಣ್ಣು ಹಣ್ಣು ಅಂತಿತ್ತು. ಕಾಯಿ ಅಂದಿದ್ದು ಒಬ್ಬನೇ. ಲಿಂಪಿಂಗ್, ನಿನಗೆ ಹೇಗೆ ಗೊತ್ತಾಯ್ತು?"

ಲಿಂಪಿಂಗ್ ಮಾಯಂಗಳ ಕಾಲ ಬಳಿ ಕೂತ. "ಎಲ್ಲರಿಗಿಂತ ಮೊದ್ಲು ಪೇಟೆಗೆ ಒಯ್ಯೋಣ ಅಂತ ರಾತ್ರಿ ಹತ್ತಿದೆ. ಕೊಯ್ದ ಕಾಯಿಗಳನ್ನ ಹಗ್ಗ ಕಟ್ಟಿ ಇಳಿಸ್ತಿದ್ದಾಗ ಒಂದು ಜಾರಿತು. ಮಾವ ಕೆಳಗಿದ್ದಿದ್ದು ಕಾಣಲಿಲ್ಲ ಅತ್ತೆ, ಆಣೆಗೂ ಕಾಣಲಿಲ್ಲ. ಇಳಿದು ನೋಡಿದ್ರೆ ಉಸಿರಿರಲಿಲ್ಲ. ಹೆದರಿ ಓಡಿಬಂದೆ."

ಮಾಯಂಗ್ ಅವನತ್ತ ತಿರುಗಿದಳು.

"ಕೈ ಜಾರಿದ್ದನ್ನ ನಂಬ್ತೀನಿ," ಎಂದಳು. "ಅವರನ್ನ ಕಳ್ಳ ಅಂದಾಗ ತಲೆಯಾಡಿಸಿದೆಯಲ್ಲ, ಅದು ಜಾರಿದ್ದಲ್ಲ. ಏಳು. ಪ್ರತಿ ಬಾಗಿಲಿಗೂ ಹೋಗಿ ಹೇಳು."

ಲಿಂಪಿಂಗ್ ಎದ್ದ. ಎಲ್ಲರೂ ಜಗಲಿಯಲ್ಲೇ ಇದ್ದರೂ, ಜಗಲಿಯ ಈ ತುದಿಯಿಂದ ಆ ತುದಿಯವರೆಗೆ ಒಂದೊಂದೇ ಬಾಗಿಲ ಮುಂದೆ ನಿಂತು, "ನಮ್ಮ ಮಾವ ಕಳ್ಳ ಅಲ್ಲ, ಕಳ್ಳ ನಾನು," ಎನ್ನುತ್ತ ಹೋದ. ಕೊನೆಯ ಬಾಗಿಲು ಮಾಯಂಗಳದೇ ಆಗಿತ್ತು. ಅವಳು ಒಳಗೆ ಹೋಗಿ, ಅವನ ಮಾತು ಕೇಳಲು ಹೊಸ್ತಿಲಲ್ಲಿ ಬಂದು ನಿಂತಳು.