ಕೂದಲಗೆರೆಯ ಅಕ್ಷರ

“ಅಂಗಡಿ ಹೆಸರ ಕೂಡಸ್ರಿ, ದೇವರ ಹೆಸರ ಕೂಡಸ್ರಿ. ಉಸಿರಾಡೋ ಮನುಷ್ಯಾರ ಹೆಸರ ಮಾತ್ರ ಈ ಅಕ್ಷರದಾಗ ಬ್ಯಾಡ್ರಿ ಯವ್ವಾ,” ಎಂದರು ಸಂಗಯ್ಯನವರು.

ಮಹೇಶ್ವರಿ ನಕ್ಕಳು. “ಹೆಸರ ಅಚ್ಚ ಹಾಕಿದ್ರ ಜೀವ ಹೋಗೂದಾದ್ರ ರೇಷನ್ ಕಾರ್ಡಿನ ಮಂದಿ ಒಬ್ಬರೂ ಉಳೀತಿರಲಿಲ್ರಿ ಅಜ್ಜಾರ.”

ಬಾಗಲಕೋಟೆಯಲ್ಲಿ ಲಗ್ನಪತ್ರಿಕೆ ಮಾಡುವ ಅಂಗಡಿ ಅವಳದು. ತಂಗಿ ರೋಹಿಣಿಯ ಮದುವೆಗೆ, ಕಂಪ್ಯೂಟರಿನಲ್ಲಿ ಸಿಗದ ಅಕ್ಷರವೇ ಬೇಕೆಂದು ಹುಡುಕುತ್ತ ಇಳಕಲ್ಲಿನ ಈ ಮುಚ್ಚಿದ ಅಚ್ಚುಕೂಟಕ್ಕೆ ಬಂದಿದ್ದಳು. ಸಂಗಯ್ಯನವರು ಇಲ್ಲಿ ಅಚ್ಚಿನ ಮೊಳೆ ಜೋಡಿಸಿಯೇ ಮುದುಕರಾದವರು.

ಒಳಗೆ ಸೀಮೆಎಣ್ಣೆಯ, ಹಳೆಯ ಮಸಿಯ, ಇಲಿಯ ವಾಸನೆ. ಹಾಡಹಗಲಲ್ಲೂ ಕತ್ತಲು. ಮರದ ಖಾನೆಗಳಲ್ಲಿ ಸೀಸದ ಅಕ್ಷರಗಳು ಮಲಗಿದ್ದವು. ಅವುಗಳ ದಪ್ಪ ಗೆರೆ ಇಲಿ ನುಂಗಿದ ಹಾವಿನ ಹೊಟ್ಟೆಯಂತೆ. ಅದೇ ಗೆರೆ ತಿರುವಿನಲ್ಲಿ ಇಳಿದಿಳಿದು ಒಂದು ಕೂದಲಾಗುತ್ತಿತ್ತು. ತುದಿಯಲ್ಲಿ ಬಳ್ಳಿಯ ಸುರುಳಿ. ಸಾಲು ಸಾಲಾಗಿ ಓದಿಸುವ ಅಕ್ಷರವಲ್ಲ ಅದು. ಸೀರೆಯ ಪೆಟ್ಟಿಗೆಯ ಮೇಲೋ ಪತ್ರಿಕೆಯ ನೆತ್ತಿಯ ಮೇಲೋ ಒಂದೇ ಮಾತಾಗಿ ನಿಂತು ಕಣ್ಣು ಹಿಡಿಯುವಂಥದ್ದು.

ಈ ಅಕ್ಷರಗಳ ಎರಕ ಹೊಯ್ಯುವ ದಿನ ಅಚ್ಚುಕೂಟದ ಹಗೆಯವನೊಬ್ಬ ಕರಗಿದ ಸೀಸಕ್ಕೆ ಮಸಣದ ಬೂದಿ ಬೆರೆಸಿ ಮಾಟ ಮಾಡಿಸಿದ್ದನಂತೆ. ಇಷ್ಟು ಹೇಳಿ ಸಂಗಯ್ಯನವರು ಮಧ್ಯಾಹ್ನದ ಲಿಂಗಪೂಜೆಗೆ ಮನೆಗೆ ಹೋದರು.

ಮಹೇಶ್ವರಿ ಮೂರು ಅಕ್ಷರ ಕೂಡಿಸಿದಳು. ರೋಹಿಣಿ. ಮಸಿ ಸವರಿ, ಹಾಳೆ ಇಟ್ಟು, ಅಚ್ಚಿನ ಯಂತ್ರದ ಹಿಡಿ ಎಳೆದಳು. ಹೆಸರು ಮದುಮಗಳಂತೆ ಎದ್ದು ಬಂತು. ಬಾದಾಮಿಯಲ್ಲಿದ್ದ ತಂಗಿಗೆ ಫೋಟೊ ಕಳಿಸಿದಳು. ಉತ್ತರವಾಗಿ ತಂಗಿಯ ಫೋನೇ ಬಂತು.

“ಅಕ್ಕಾ, ಎದಿ ಮ್ಯಾಲ ಯಾರೋ ಕುಂತಂಗ ಆಗೇತಿ. ಉಸರು ಸಣ್ಣ ಆಗಾಕತ್ತೇತಿ.”

ಅಚ್ಚಿನ ಮೇಲೆ ಮಸಿ ಒಣಗುತ್ತಿತ್ತು. ಒಣಗಿದಷ್ಟೂ ಆ ದನಿ ತೆಳ್ಳಗಾಯಿತು.

ಬಾಗಿಲಲ್ಲಿ ಸಂಗಯ್ಯನವರು. ಕೂಡಿಸಿಟ್ಟ ಹೆಸರು ಕಂಡದ್ದೇ ಅವರ ಹಣೆಯ ವಿಭೂತಿ ಬೆವರಿನಲ್ಲಿ ಇಳಿಯಿತು. “ಮಸಿ ಹಚ್ಚು. ಒತ್ತು.”

ಒತ್ತಿದಳು. ಫೋನಿನಲ್ಲಿ ತಂಗಿ ಉಸಿರೆಳೆದುಕೊಂಡ ಸದ್ದು.

“ಕೂಡಿಸಿದ ಅಕ್ಷರ ಬಿಚ್ಚಿ ಬಿಡ್ಲೇನ್ರಿ ಅಜ್ಜಾರ?”

“ನನ್ನ ಹೇಣ್ತಿ ಶಿವಲಿಂಗವ್ವನ ಹೆಸರ ನಾನ ಬಿಚ್ಚಿದ್ನಿ ಯವ್ವಾ. ಕಡೀ ಅಕ್ಷರ ಖಾನ್ಯಾಗ ಬೀಳೂದ್ರಾಗ ಆಕಿ ಇರಲಿಲ್ಲ.”

ಅಂದಿನಿಂದ ಮಹೇಶ್ವರಿ ಮನೆಗೆ ಹೋಗಿಲ್ಲ. ಪ್ರತಿ ಸಲ ಮಸಿ ಒಣಗುವ ಮುನ್ನ ಮತ್ತೆ ಹಚ್ಚಿ ಒತ್ತಬೇಕು. ಅವಳ ಕಣ್ಣು ಎಳೆದರೆ ಸಂಗಯ್ಯನವರು ಒತ್ತುತ್ತಾರೆ. ಬಾದಾಮಿಯಲ್ಲಿ ತಂಗಿಯ ತಲೆಯ ಮೇಲೆ ಅಕ್ಷತೆ ಬಿದ್ದಾಗಲೂ ಅವಳು ಇಲ್ಲಿ ಹಿಡಿ ಎಳೆಯುತ್ತಿದ್ದಳು. ರೋಹಿಣಿ ಕೆರೂರಿನ ಅತ್ತೆಮನೆ ಸೇರಿದಳು. ಆದರೆ ಸೀಸ ಮೆತ್ತಗಿನದು. ಒತ್ತದಿದ್ದರೆ ಉಸಿರು ನಿಲ್ಲುತ್ತದೆ, ಒತ್ತಿದಷ್ಟೂ ಗೆರೆ ಸವೆಯುತ್ತದೆ. ಸವೆದದ್ದರ ಬದಲು ಬೇರೆ ಅಕ್ಷರ ಕೂಡಿಸಬೇಕಾದರೆ ಇದನ್ನು ಬಿಚ್ಚಬೇಕು. ದಪ್ಪ ಗೆರೆಗಳಿಗೆ ಏನೂ ಆಗಲಿಲ್ಲ. ಕೂದಲಗೆರೆ ಮಾತ್ರ ದಿನದಿನಕ್ಕೆ ಮಾಸಿತು.

ಇಂದು ತಂಗಿಯ ಫೋನು. “ಸಿಟ್ಟ ಆಗಿಯೇನ ಅಕ್ಕಾ? ಲಗ್ನಕ್ಕೂ ಬರಲಿಲ್ಲ. ಖರೇನ ನಿನಗ ಅಕ್ಕ ಅದಾಳೇನ ಅಂತ ಅತ್ತಿಯವರು ನಗ್ತಾರ.”

“ಬರ್ತೇನಿ,” ಎಂದಳು ಮಹೇಶ್ವರಿ. ಮಸಿ ಒಣಗುತ್ತಿತ್ತು. ಹಚ್ಚಿದಳು. ಹಿಡಿ ಎಳೆದಳು.

ಹಾಳೆ ಎತ್ತಿದಳು. ಕೊನೆಯ ಅಕ್ಷರ ಎರಡು ತುಂಡು. ನಡುವೆ ಬರೀ ಬಿಳಿ.

ಫೋನಿನಲ್ಲಿ ಏನೋ ಬಿದ್ದ ಸದ್ದು. ಆಮೇಲೆ ದೂರದಿಂದ ಅತ್ತೆಯ ದನಿ: “ರೋಹಿಣಿ? ಏಳವಾ. ಏಳ ರೋಹಿಣಿ.”

ಸಂಗಯ್ಯನವರು ಅವಳ ಕೈ ಹಿಡಿದರು. “ಸಾಕ ಬಿಡು ಯವ್ವಾ.”

ಅವಳು ಬಿಡಿಸಿಕೊಂಡಳು. ಮಸಿ ಹಚ್ಚಿದಳು. ಒತ್ತಿದಳು. ಮತ್ತೆ ಹಚ್ಚಿದಳು. ಮತ್ತೆ ಒತ್ತಿದಳು.