ಎಂಟನೆಯ ಬಾಗಿಲು

ಹಳೆಯ ಮನೆಗಳನ್ನು ಅಳೆದು ನಕ್ಷೆ ಬರೆಯುವುದು ನನ್ನ ಕೆಲಸ. ಇದು ನಾನು ಕಣ್ಣಾರೆ ಕಂಡದ್ದು. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆ ಮರದ ಮನೆಯನ್ನು ಆಗಷ್ಟೇ ಕೊಂಡಿದ್ದ ಟೀಚರಮ್ಮ ಅದರ ಮೂರು ಕ್ರಯಪತ್ರಗಳನ್ನು ನನ್ನ ಮುಂದೆ ಹರಡಿದರು. ಮೊದಲನೆಯದರಲ್ಲಿ ಐದು ಬಾಗಿಲು, ಎರಡನೆಯದರಲ್ಲಿ ಆರು, ಅವರದೇ ಪತ್ರದಲ್ಲಿ ಏಳು. ಮೂರೂ ಸಲ ಮಾರಿದವರು ಯಜಮಾನರಲ್ಲ. ಯಜಮಾನರು ಕಾಣೆಯಾದ ಮೇಲೆ ಉಳಿದ ಮನೆಮಂದಿ.

"ಬರೆಯೋರು ಕೈತಪ್ಪಿ ಬರ್ದಿರ್ತಾರೆ ಬಿಡಿ ಮೇಡಂ," ಎಂದೆ.

ಮಟಮಟ ಮಧ್ಯಾಹ್ನ ನಾನೇ ಎಣಿಸಿದೆ. ಎಂಟಿದ್ದವು. ಎಂಟನೆಯದು ಮಹಡಿಯ ಹಿಂಗೋಡೆಯಲ್ಲಿತ್ತು. ಆಗತಾನೇ ಕೊಯ್ದ ಮರದ ವಾಸನೆ ಮೂಗಿಗೆ ಬಡಿಯಿತು. ಹಲಗೆ ಮುಟ್ಟಿದರೆ ಜ್ವರ ಬಂದವರ ಬೆನ್ನಿನಂತೆ ಬೆಚ್ಚಗಿತ್ತು. ತಳ್ಳಿದರೆ ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಟೀಚರಮ್ಮನ ಮುಖ ಬಿಳಿಚಿಕೊಂಡಿತು. "ನಿನ್ನೆ ನಾನೇ ಈ ಗೋಡೆ ಒರೆಸಿದೀನಿ ಸಾರ್. ಇಲ್ಲಿ ಬಾಗಿಲಿರ್ಲಿಲ್ಲ."

ಇಬ್ಬರೂ ಹೊರಗೋಡಿ ಹಿಂದಿನಿಂದ ನೋಡಿದೆವು. ಆ ತುದಿಯಿಂದ ಈ ತುದಿಗೆ ಉದ್ದನೆಯ ಹಲಗೆಗಳು. ಬಾಗಿಲಿನ ಗುರುತೇ ಇಲ್ಲ.

"ಇವತ್ತೇ ನಿಮ್ಮಕ್ಕನ ಮನೆಗೆ ಹೋಗಿಬಿಡಿ," ಎಂದೆ.

"ಚೀಲ ತರ್ತೀನಿ, ಇಲ್ಲೇ ಇರಿ," ಎಂದು ಅವರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮಹಡಿಯಲ್ಲಿ ಅಗಳಿ ಸರಿದ ಸದ್ದಾಯಿತು. ಓಡಿಹೋಗಿ ನೋಡಿದರೆ ಮನೆಯಲ್ಲೆಲ್ಲೂ ಅವರಿಲ್ಲ.

ಪೊಲೀಸರು ಬಂದು ಆ ಬಾಗಿಲನ್ನು ಕಿತ್ತರು. ಅದರ ಹಿಂದೆ ಇದ್ದದ್ದು ಹೊರಗೋಡೆಯ ಹಲಗೆಗಳಷ್ಟೇ. ಟೀಚರಮ್ಮ ಇಂದಿಗೂ ಸಿಕ್ಕಿಲ್ಲ. ಮನೆ ಮಾರಬೇಕು, ನಕ್ಷೆ ಕೊಡಿ ಎಂದು ಮೊನ್ನೆ ಅವರ ಅಕ್ಕ ಫೋನ್ ಮಾಡಿದ್ದರು.