ಜಿಂಕೆ ಹುಡುಗಿಯ ಎಡಗಣ್ಣು

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ನಡೆದದ್ದನ್ನು ಹೇಳುತ್ತೇನೆ. ಇನಾಮಿ ಎಂಬ ಊರಿನ ನಮ್ಮ ಕೆತ್ತನೆಮನೆಯಲ್ಲಿ, ನನ್ನ ಪಕ್ಕ ಕೂತು ಎಡಗೈಯಲ್ಲಿ ಕೆತ್ತುತ್ತಿದ್ದ ಮಿಹೊಕೊ ಕಳೆದ ಚಳಿಗಾಲ ತೀರಿಕೊಂಡಳು. ಹುಡುಗಿಯ ಮುಖ, ಜಿಂಕೆಯ ಮೈ ಇದ್ದ ಅವಳ ಕರ್ಪೂರಮರದ ಶಿಲ್ಪಕ್ಕೆ ಕಣ್ಣು ಕೂರಿಸುವುದೊಂದೇ ಬಾಕಿಯಿತ್ತು. ನಮ್ಮಲ್ಲಿ ತಲೆಯನ್ನು ಸೀಳಿ ಟೊಳ್ಳು ಮಾಡಿ, ಗಾಜಿನ ಕಣ್ಣನ್ನು ಒಳಗಿನಿಂದ ಕೂರಿಸಿ, ಮುಖದ ಭಾಗವನ್ನು ಮತ್ತೆ ಅಂಟಿಸುತ್ತೇವೆ. ಕೆತ್ತಿದವರ ಹೆಸರೂ ಒಳಗೇ ಇರುತ್ತದೆ. ನಾನು ಕಣ್ಣು ಕೂರಿಸಿ, ಅವಳ ಹೆಸರನ್ನು ಹೆರೆದು, ನನ್ನದನ್ನು ಬರೆದು, ಮುಖ ಅಂಟಿಸಿಬಿಟ್ಟೆ.

ಪ್ರದರ್ಶನಕ್ಕೆ ಅವಳ ತಾಯಿ ಬಂದರು. ಜಿಂಕೆಯ ಬೆನ್ನು ಸವರಿದರು.

"ಬೆಚ್ಚಗಿದೆಯಲ್ಲೋ ಹಿಸಾವೊ! ಪೂರ್ತಿ ನೀನೇ ಮಾಡಿದ್ದಾ?"

"ಹೂಂ ಅಮ್ಮ, ಪೂರ್ತಿ ನಾನೇ."

ಶಿಲ್ಪದ ಎಡಗಣ್ಣು ಮಬ್ಬಾಯಿತು. ತಾಯಿ ಕರವಸ್ತ್ರದಿಂದ ಒರೆಸಿದರು, ಮತ್ತೆ ಒರೆಸಿದರು.

"ಹೋಗ್ತಾನೇ ಇಲ್ಲ ಕಣೋ. ಹಬೆ ಒಳಗಡೆ ಕಟ್ಟಿದೆ."

ಪ್ರದರ್ಶನ ಮುಗಿದ ಮೇಲೆ ಮುಖ ಬಿಚ್ಚಿದೆ. ಅದುವರೆಗೆ ಅಂಟು ಎಲ್ಲೂ ಬಿಟ್ಟಿರಲಿಲ್ಲ. ಒಳಗೆ ನನ್ನ ಹೆಸರಿರಲಿಲ್ಲ. ಆ ಜಾಗವನ್ನು ಉಳಿಯಿಂದ ನುಣ್ಣಗೆ ಹೆರೆಯಲಾಗಿತ್ತು. ಟೊಳ್ಳಿನ ತಳದಲ್ಲಿ ಹೊಸ ಹೆರೆಚೂರುಗಳು ಘಮ್ಮೆನ್ನುತ್ತ ಬಿದ್ದಿದ್ದವು. ಉಳಿಯ ಗುರುತುಗಳೆಲ್ಲ ಎಡಗೈಯವು.

ನಾನು ಅಲ್ಲಿ ಯಾರ ಹೆಸರನ್ನೂ ಬರೆಯದೆ ಮುಖವನ್ನು ಮತ್ತೆ ಅಂಟಿಸಿದೆ. ಹೊರಗೆ, ಶಿಲ್ಪದ ಪೀಠದ ಫಲಕದಲ್ಲಿ ಈಗಲೂ ನನ್ನ ಹೆಸರೇ ಇದೆ.